ತಮ್ಮನ ಪುಟಕ್ಕೆ ಬಂದ ಹಸಿರು ಎಲೆ

ಈಗ ಸಂಜೆ ಆರು ಗಂಟೆ. ಇವತ್ತು ನನಗಿದ್ದ ಕೆಲಸ ಒಂದೇ ಗೆಳೆಯರೇ, ತಮ್ಮ ವೀರೇಶನ ವೆಬ್‌ಸೈಟ್ ಮುಚ್ಚಿಸುವುದು. ಅವನು ಹಂಪಿಯಲ್ಲಿ ಗೈಡ್ ಆಗಿದ್ದ. ಸಂಡೂರು ರಸ್ತೆಯಲ್ಲಿ ಅದಿರಿನ ಲಾರಿ ಬಡಿದು ತೀರಿಕೊಂಡು ನಾಲ್ಕು ತಿಂಗಳಾಯಿತು.

ಹೊಸಪೇಟೆಯಲ್ಲಿ ಸೈಬರ್ ಸೆಂಟರ್ ನಡೆಸುವ ಬಸಣ್ಣ ಪುಟ ತೆರೆದರು. ತಮ್ಮನ ಫೋಟೊದ ಪಕ್ಕದಲ್ಲಿ ಹಿಂದೆಂದೂ ಇಲ್ಲದ ಹಸಿರು ಎಲೆಯೊಂದು ಇತ್ತು. ಕೆಳಗಿದ್ದ ಇಂಗ್ಲಿಷನ್ನು ಬಸಣ್ಣ ಓದಿ ಹೇಳಿದರು: ‘ಈ ಪುಟ ಈಗ ಗಾಳಿಯಿಂದ ನಡೆಯುತ್ತಿದೆ.’

ನಾನು ಪರದೆಯ ಮೇಲಿನ ಎಲೆಯ ಮೇಲೆ ಬೆರಳಿಟ್ಟೆ. "ಇದನ್ನ ಯಾರು ಹಾಕಿದ್ರಣ್ಣ?"

"ಹೆದರಬ್ಯಾಡ್ರಿ ಅಕ್ಕಾರ. ಪುಟ ಇಟ್ಕೊಂಡಿರೋ ಕಂಪನಿಯವರು ಎಲ್ಲಾರಿಗೂ ಹಚ್ಚ್ಯಾರ. ಅವರ ಮಷೀನು ಓಡೋದು ಕಲ್ಲಿದ್ದಲಿನ ಕರೆಂಟಿನ ಮ್ಯಾಲೇ. ಅಷ್ಟೇ ಕರೆಂಟು ಬ್ಯಾರೆ ಎಲ್ಲೋ ಗಾಳಿಯಿಂದ ಹುಟ್ಟೇತಿ ಅಂತ ಸರ್ಟಿಫಿಕೇಟ್ ಕೊಂಡಾರ."

"ಹಂಗಂದ್ರ ಗಾಳಿ ಇಲ್ಲಿಲ್ಲ?"

"ಕಾಗದದಾಗ ಐತ್ರಿ."

"ಆ ಎಲಿ ತಗೀರಿ."

"ಎಲಿ ಒಂದ ತಗಿಯಾಕ ಬರಂಗಿಲ್ಲ. ಪುಟಾನ ಅಳಿಸಬೇಕು. ಅಳಿಸ್ಲೇನ್ರಿ?"

ಹೂಂ ಅನ್ನುವಷ್ಟರಲ್ಲಿ ಕರೆಂಟು ಹೋಗಿ ಪರದೆಯಲ್ಲಿದ್ದ ತಮ್ಮನ ಮುಖ ಮಾಯವಾಯಿತು. ಆಗಲೇ ನನ್ನ ಚೀಲದೊಳಗೆ ಅವನ ಮೊಬೈಲು ಬಡಿದುಕೊಂಡಿತು. ಯಾರೋ ವಿದೇಶಿ ಹೆಂಗಸು. ಅವನ ಪುಟ ನೋಡುತ್ತಾ ಕೂತಿದ್ದೇನೆ, ನಾಳೆ ಏಳಕ್ಕೆ ಗುಡಿಯ ಹತ್ತಿರ ವೀರೇಶ ಬರುತ್ತಾನಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅಷ್ಟು ಅರ್ಥವಾಯಿತು. ನನ್ನ ಬಾಯಿಂದ ಬಂದದ್ದು ‘ಯೆಸ್’ ಒಂದೇ.

"ನಮಗ ಕರೆಂಟಿಲ್ಲ, ಅವನಿಗೈತಿ ನೋಡ್ರಿ" ಎಂದರು ಬಸಣ್ಣ, ಕತ್ತಲೆಯಲ್ಲಿ. ನಾವಿಬ್ಬರೂ ನಗಲಿಲ್ಲ.

ಪುಟ ಇನ್ನೂ ಇದೆ. ನಾಳೆ ಬೆಳಿಗ್ಗೆ ಏಳಕ್ಕೆ ವಿರೂಪಾಕ್ಷ ಗುಡಿಯ ಮುಂದೆ ಅವಳು ಅವನಿಗಾಗಿ ಕಾಯುತ್ತಿರುತ್ತಾಳೆ.