ಆರದ ಕಂದೀಲು

ಇಷ್ಟು ವರ್ಷಗಳಾದರೂ ಬಾವಿಯೊಳಗೆ ಉರಿಯುತ್ತಿದ್ದ ಆ ಕಂದೀಲು ನನ್ನ ಕಣ್ಣ ಮುಂದಿನಿಂದ ಸರಿದಿಲ್ಲ.

ದೇವಾಪುರದ ಹತ್ತಿರ ನಮ್ಮ ಹೊಲ. ಆ ಸಲ ಕಾಲುವೆಯ ನೀರು ನಿಲ್ಲಿಸಿದಾಗ ಭತ್ತದ ಕಾಳು ಇನ್ನೂ ಹಾಲುಗಟ್ಟುತ್ತಿತ್ತು. ಇನ್ನೊಂದು ನೀರು ಬೇಕೇ ಬೇಕಿತ್ತು. ಬಾವಿಯ ನೀರು ಆಳಕ್ಕೆ ಇಳಿದಿದ್ದರಿಂದ ಅಣ್ಣ ಪೆಟ್ರೋಲ್ ಪಂಪನ್ನು ಹಗ್ಗ ಕಟ್ಟಿ ಒಳಗಿನ ಕಟ್ಟೆಯ ಮೇಲೆ ಇಳಿಸಿದ್ದ. ಬೆಳಗ್ಗೆಯಿಂದ ಓಡಿದ ಎಂಜಿನ್ ಮಧ್ಯಾಹ್ನ ತಾನೇ ನಿಂತಿತು.

ಅದನ್ನು ನೋಡಲು ಅಣ್ಣ ಇಳಿಯುವ ಮೊದಲು ಅಪ್ಪನ ತಮ್ಮ, ನಮ್ಮ ಕಾಕಾ, ಹಗ್ಗಕ್ಕೆ ಕಂದೀಲು ಕಟ್ಟಿ ಕೆಳಗೆ ಬಿಟ್ಟರು. ಬಾವಿಗೆ ಇಳಿಯುವವರೆಲ್ಲ ಹಾಗೇ ಮಾಡುತ್ತಿದ್ದರು. ದೀಪ ಆರಿದರೆ ಗಾಳಿ ಕೆಟ್ಟಿದೆ ಎಂದರ್ಥ.

"ಉರ್ಯಾಕತ್ತದ ನೋಡು. ಇಳಿ," ಎಂದರು.

ನಾನು ಯಾದಗಿರಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವನು. ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮನುಷ್ಯನನ್ನು ಕೊಲ್ಲುವಷ್ಟಿದ್ದರೂ ದೀಪ ಆರುವುದಿಲ್ಲ. ಅಣ್ಣ ಅರ್ಧದಷ್ಟು ಮೆಟ್ಟಿಲು ಇಳಿದಾಗ ಇದೆಲ್ಲ ನೆನಪಾಯಿತು. ಕಾಕಾನ ಎದುರು ಹೇಳಲು ಬಾಯಿ ಬರಲಿಲ್ಲ.

"ತಲಿ ಜಡ ಆಗ್ಯಾದ," ಎಂದು ಕೆಳಗಿನಿಂದ ಹೇಳಿ ಅಣ್ಣ ಎಂಜಿನ್ ಹಿಡಿದು ಕುಸಿದು ಕುಳಿತ.

ಕಾಕಾ ಇಳಿಯಲೆಂದು ಧೋತರ ಎತ್ತಿ ಕಟ್ಟಿದರು. ನಾನು ಅವರ ರಟ್ಟೆ ಹಿಡಿದೆ. "ನೀವೂ ಬೀಳ್ತೀರಿ! ಅಣ್ಣಾ, ಹಗ್ಗ ಕಂಕುಳಾಗ ಹಾಕ್ಕೋ!"

ಅವನು ಮಗುವಿನಂತೆ ಹೇಳಿದ್ದನ್ನು ಮಾಡಿದ. ಇಬ್ಬರೂ ಎಳೆದೆವು. ಮೇಲೆ ಬರುವಷ್ಟರಲ್ಲಿ ಎಚ್ಚರ ತಪ್ಪಿತ್ತು. ಸುರಪುರದ ದವಾಖಾನೆಯಲ್ಲಿ ಆಮ್ಲಜನಕ ಕೊಟ್ಟರು. ಸಂಜೆಗೆ ಕಣ್ಣು ಬಿಟ್ಟು ಚಹಾ ಕೇಳಿದ.

ಆಮೇಲೆ ನಾನೊಂದು ಪುಟ್ಟ ಯಂತ್ರ ತರಿಸಿದೆ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು, ಜೇಬಿಗೆ ಸಿಕ್ಕಿಸುವಂಥದು. ಗಾಳಿಯಲ್ಲಿ ಆ ಅನಿಲ ಎಷ್ಟಿದೆಯೆಂದು ಅಂಕಿ ತೋರಿಸುತ್ತದೆ, ಹೆಚ್ಚಾದರೆ ಕೂಗುತ್ತದೆ. ಶಹಾಪುರದ ಬಸ್ಸಿನಲ್ಲಿ ಪಕ್ಕದವರೊಬ್ಬರು, "ಏನ್ರಿ ಸಾಹೇಬ್ರ, ಪೇಜರ್ ಇನ್ನೂ ಬಿಟ್ಟಿಲ್ಲೇನು?" ಎಂದು ನಕ್ಕರು. ನಾನೂ ನಕ್ಕೆ, ತೆಗೆಯಲಿಲ್ಲ.

ಮರುವರ್ಷ ಮತ್ತೆ ಕಾಲುವೆ ನಿಂತಿತು, ಮತ್ತೆ ಪಂಪು ಬಾವಿಗಿಳಿಯಿತು. ಈ ಸಲ ಹೊಗೆ ಮೇಲೆ ಬರಲೆಂದು ಅಣ್ಣ ಕೊಳವೆ ಕೂಡಿಸಿದ್ದ. ಪೆಟ್ರೋಲ್ ತೀರಿ ಎಂಜಿನ್ ನಿಂತಾಗ ಕಾಕಾ ಕಂದೀಲು ತಂದರು. ಅದರ ಒಂದು ಮೊಳ ಕೆಳಗೆ ನಾನು ಯಂತ್ರ ಕಟ್ಟಿದೆ.

"ನನ್ನ ಕಂದೀಲಕಿಂತ ಶ್ಯಾಣ್ಯಾ ಏನು ನಿನ್ನ ಡಬ್ಬಿ?"

ಎರಡನ್ನೂ ಒಳಗೆ ಇಳಿಸಿದಂತೆ ಡಬ್ಬಿ ಕೂಗತೊಡಗಿತು. ಕೊಳವೆ ಎಲ್ಲೋ ಸಂದಿನಲ್ಲಿ ಸೋರಿರಬೇಕು. ಅದರ ಮೇಲೆ ಕಂದೀಲು ನೆಮ್ಮದಿಯಾಗಿ ಉರಿಯುತ್ತಿತ್ತು. ಕಾಕಾ ಬಹಳ ಹೊತ್ತು ಬಗ್ಗಿ ನೋಡಿದರು.

"ಇದನ್ನ ನಂಬಿ ಎಷ್ಟ ಮಂದಿನ ಇಳಿಸೀನೋ ಏನೋ."

"ನನ್ನೂ ಇಳಿಸಿದ್ರಲ್ಲ ಕಾಕಾ," ಎಂದ ಅಣ್ಣ. "ಯಮನ ಮನ್ಯಾಗ ಚಹಾ ಚೊಲೋ ಇರಲಿಲ್ಲ, ವಾಪಸ್ ಬಂದೆ."

ಕಾಕಾ ನಗಲಿಲ್ಲ. "ಪಂಪ ಮ್ಯಾಲ ತಗೀರಿ. ಭತ್ತದ ಒಂದ ಮಡಿ ಒಣಗಿದ್ರ ಒಣಗಲಿ."

ಹಗ್ಗಕ್ಕೆ ಬೇವಿನ ಟೊಂಗೆ ಕಟ್ಟಿ ಮೇಲೆ ಕೆಳಗೆ ಆಡಿಸಿ ಒಳಗಿನ ಗಾಳಿ ಹೊರಳಿಸಿದೆವು. ಯಾರೂ ಅವಸರ ಮಾಡಲಿಲ್ಲ. ಅಂಕಿ ಸೊನ್ನೆಗೆ ಬಂದ ಮೇಲೆ ಅಣ್ಣ ಯಂತ್ರವನ್ನು ಬನಿಯನ್ನಿಗೆ ಸಿಕ್ಕಿಸಿಕೊಂಡು, ನಡುವಿಗೆ ಹಗ್ಗ ಬಿಗಿದು, ಪಂಪನ್ನು ಕಟ್ಟಿ ಕಳಿಸಲು ಇಳಿದ. ನಾನು ಹಗ್ಗ ಹಿಡಿದು ಕಿವಿಗೊಟ್ಟು ನಿಂತೆ.

ಕೆಳಗಿನಿಂದ ಅವನು ಬೇಕೆಂದೇ ಬಾಯಲ್ಲಿ ಯಂತ್ರದಂತೆ "ಕೀಂ ಕೀಂ" ಎಂದ.

"ಮಂಗ್ಯಾ, ಸುಮ್ನ ಕೆಲಸ ಮಾಡು!" ಎಂದು ಕಾಕಾ ಬೈದರು.

ಅದು ಅಣ್ಣನ ಕೂಗೆಂದು ಗೊತ್ತಾದ ಮೇಲೂ ನನ್ನ ಕೈ ಹಗ್ಗವನ್ನು ಸಡಿಲ ಬಿಡಲಿಲ್ಲ.