ಹುಲಿಗೆಮ್ಮನ ಸಾಲು

ಕಳೆದ ವರ್ಷ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಎರಡು ತಿಂಗಳಿರುವಾಗ ನಡೆದದ್ದು. ನಾನು ಸಿಂಧನೂರು ತಾಲೂಕಿನ ಕಾಲುವೆ ಕೆಳಗಿನ ಹಳ್ಳಿಯೊಂದರಲ್ಲಿ ಸರ್ಕಾರಿ ಶಾಲೆಯ ಗಣಿತ ಶಿಕ್ಷಕಿ. ಫಲಿತಾಂಶದ ಪಟ್ಟಿಯಲ್ಲಿ ನಮ್ಮ ಶಾಲೆಯನ್ನು ಕೆಳಗಿನಿಂದ ಹುಡುಕಿದರೆ ಬೇಗ ಸಿಗುತ್ತಿತ್ತು. ಇಲಾಖೆಯ ಸಭೆಗೆ ಹೋದಾಗಲೆಲ್ಲ ಬೈಸಿಕೊಂಡು ಬರುವುದು ರೂಢಿಯಾಗಿತ್ತು. ಆದರೆ ಕಾಲುವೆಗೆ ನೀರು ಬಿಟ್ಟರೆ ಸಾಕು, ಭತ್ತದ ನಾಟಿ ಶುರುವಾಗಿ ಹುಡುಗಿಯರ ಬೆಂಚು ಖಾಲಿಯಾಗುತ್ತಿತ್ತು.

ಹತ್ತನೇ ತರಗತಿಯ ಹುಲಿಗೆಮ್ಮ ಒಂದು ವಾರ ಬರಲಿಲ್ಲ. ಕೆಲವು ವರ್ಷಗಳಿಂದ ತಾಯಿಗೆ ಸೊಂಟ ಹಿಡಿದಿದ್ದರಿಂದ ಇವಳೇ ನಾಟಿಗೆ ಹೋಗುತ್ತಿದ್ದಳು. ಫೇಲಾದರೆ ಅವಳ ಓದು ಅಲ್ಲಿಗೇ ಮುಗಿದಂತೆ. ಸಿಟ್ಟಿನಿಂದಲೇ ಗದ್ದೆಗೆ ಹೋದೆ.

"ಈಕಿನ್ನ ಶಾಲಿಗೆ ಕಳಸ್ರಿ, ಪರೀಕ್ಷಾ ಹತ್ರ ಬಂದೈತಿ" ಎಂದೆ.

ಕೂಲಿಗೆ ಸಸಿ ಹಚ್ಚುತ್ತಿದ್ದ ಹೆಂಗಸರ ಗುಂಪಿನ ಮುಂದಾಳು ದ್ಯಾವಮ್ಮ ಬಗ್ಗಿದಲ್ಲಿಂದಲೇ ಕೇಳಿದಳು: "ಈಕಿ ಪಾಲಿನ ಸಸಿ ಯಾರು ಹಚ್ತಾರ್ರೀ ಅಕ್ಕೋರ?"

"ನಾ ಹಚ್ತೀನಿ!"

ಬಾಯಿಂದ ಬಂದೇಬಿಟ್ಟಿತು. ನಾನು ಲಿಂಗಸುಗೂರು ಕಡೆಯ ಜೋಳದ ಸೀಮೆಯವಳು, ಭತ್ತದ ಕೆಸರಿಗೆ ಕಾಲಿಟ್ಟವಳೇ ಅಲ್ಲ. ಸೀರೆ ಎತ್ತಿ ಕಟ್ಟಿ ಇಳಿದೆ. ನಾನು ಊರಿದ ಸಸಿಗಳೆಲ್ಲ ತೇಲತೊಡಗಿದವು. ಹೆಂಗಸರು ಬಿದ್ದು ಬಿದ್ದು ನಕ್ಕರು. ತಿರುಗಿ ನೋಡಿದರೆ ದ್ಯಾವಮ್ಮ ನನ್ನ ಹಿಂದೆಯೇ ಬಂದು, ತೇಲಿದವನ್ನು ಒಂದೊಂದಾಗಿ ಮತ್ತೆ ಹಚ್ಚುತ್ತಿದ್ದಳು. ಅವಳು ನಗುತ್ತಿರಲಿಲ್ಲ.

"ಸಾಕು ಏಳ್ರೀ. ನಮ್ಮಾಗ ಯಾರರ ಹಡದ್ರ ಆಕಿ ಸಾಲು ಉಳಿದೋರು ಹಂಚ್ಕೋತೀವಿ, ಆಕಿ ಪಾಲಿನ ಕೂಲಿ ಆಕಿಗೆ ಕೊಡ್ತೀವಿ. ಪರೀಕ್ಷಾ ಮುಗಿಯೋ ತನ ಈಕಿನೂ ಬಾಣಂತಿ ಅಂತ ತಿಳ್ಕೋತೀವಿ."

ಹುಲಿಗೆಮ್ಮ ನಾಚಿ ಮುಖ ಮುಚ್ಚಿಕೊಂಡಳು. ಮರುದಿನ ಶಾಲೆಗೆ ಬಂದಳು.

ಇಷ್ಟೆಲ್ಲ ಆಗಿಯೂ ಅವಳು ಫೇಲಾದಳು, ಅದೂ ಗಣಿತದಲ್ಲಿ. ವರ್ಷ ವರ್ಷವೂ ನಾಟಿಗೆ ಹೋಗಿ ತಪ್ಪಿದ ಪಾಠವನ್ನು ಎರಡು ತಿಂಗಳಲ್ಲಿ ತುಂಬಲು ನನ್ನಿಂದಾಗಲಿಲ್ಲ. ದ್ಯಾವಮ್ಮನಿಗೆ ಮುಖ ತೋರಿಸಲಾರದೆ ಅವಳ ಓಣಿಯ ದಾರಿಯನ್ನೇ ಬಿಟ್ಟೆ.

ರಜೆ ಮುಗಿದು ಶಾಲೆ ಶುರುವಾದ ದಿನ ದ್ಯಾವಮ್ಮನೇ ತರಗತಿಯ ಬಾಗಿಲಿಗೆ ಬಂದಳು. ಪಕ್ಕದಲ್ಲಿ ಹುಲಿಗೆಮ್ಮ ತಲೆ ತಗ್ಗಿಸಿ ನಿಂತಿದ್ದಳು.

"ಇನ್ನೊಂದು ಪರೀಕ್ಷಾ ಐತಂತಲ್ರೀ? ನಾಟಿ ಬಂದ್ರ ಈಕಿ ಸಾಲು ನಾವು ನೋಡ್ಕೋತೀವಿ. ನೀವು ಕಲಿಸ್ರಿ."

"ಮತ್ತ ಫೇಲಾದ್ರ?" ಎಂದೆ.

"ನಿಮ್ಮ ಸಸಿ ತೇಲಿದ್ವಲ್ರೀ, ನಾವು ಮತ್ತ ಹಚ್ಚಲಿಲ್ಲೇನು?"

ಆ ಸಲ ಹುಲಿಗೆಮ್ಮ ಪಾಸಾದಳು. ಅಂಕ ಹೇಳಿಕೊಳ್ಳುವಂಥದ್ದಲ್ಲ. ಈ ವರ್ಷವೂ ನಾಟಿ ಶುರುವಾಗಿದೆ, ಬೆಂಚು ಖಾಲಿಯಿದೆ. ಶಾಲೆ ಬಿಟ್ಟ ಮೇಲೆ ಗದ್ದೆಯ ಕಡೆ ಹೋಗುತ್ತೇನೆ. ಈಗ ಸಿಟ್ಟಿನಿಂದ ಹೋಗುವುದಿಲ್ಲ. ಸೀರೆ ಎತ್ತಿ ಕಟ್ಟಿಕೊಂಡೇ ಹೋಗುತ್ತೇನೆ.