ಇಪ್ಪತ್ತು ನಿಮಿಷದ ಗೆರೆ

ಕರೆಕ್ಟ್ ತಾತನಿಗೆ ಆ ಹೆಸರು ಬಂದದ್ದು ಅವರ ಬಾಯಿಂದಲೇ. ರಿಪೇರಿಯಾದ ಗಡಿಯಾರವನ್ನು ಗಿರಾಕಿಯ ಕೈಗಿಡುವ ಮೊದಲು ಒಮ್ಮೆ ಕಿವಿಗೆ ಹಿಡಿದು, ತಲೆಯಾಡಿಸಿ, "ಕರೆಕ್ಟ್" ಅನ್ನುತ್ತಿದ್ದರು. ಆ ಮಾತು ಹೇಳದೆ ಅವರು ಯಾವ ಗಡಿಯಾರವನ್ನೂ ಅಂಗಡಿಯಿಂದ ಹೊರಗೆ ಬಿಟ್ಟವರಲ್ಲ. ನಲವತ್ತೆರಡು ವರ್ಷದಿಂದ ಅದೇ ಗೂಡಂಗಡಿ. ಎಡಕ್ಕೆ ಬೀಗದ ಕೈ ಮಾಡುವವನು, ಬಲಕ್ಕೆ ಕನ್ನಡಕದಂಗಡಿ, ನಡುವೆ ಇಬ್ಬರು ನಿಂತರೆ ಮೂರನೆಯವರು ಬೀದಿಯಲ್ಲೇ ನಿಲ್ಲಬೇಕಾದಷ್ಟು ಜಾಗ. ಗೋಡೆಯ ಮೇಲೆ ಹದಿನೇಳು ಗಡಿಯಾರ, ಹದಿನೇಳೂ ಒಂದೇ ಹೊತ್ತು ತೋರಿಸುತ್ತಿದ್ದವು. ಇದರಲ್ಲೇನು ದೊಡ್ಡಸ್ತಿಕೆ ಅನ್ನುವವರು ಬೇರೆ ಯಾವುದಾದರೂ ಗಡಿಯಾರದಂಗಡಿಗೆ ಹೋಗಿ ನೋಡಿಕೊಂಡು ಬರಬೇಕು.

ಇಂಥ ಮನುಷ್ಯ ಸ್ವಂತ ಮೊಮ್ಮಗಳ ವಿಷಯದಲ್ಲಿ ಐದು ತಿಂಗಳು ತಪ್ಪು ಹೊತ್ತು ತೋರಿಸಿದರು ಅಂದರೆ ಆ ಬೀದಿಯಲ್ಲಿ ಯಾರೂ ನಂಬುವುದಿಲ್ಲ. ನಂಬಲಿ ಬಿಡಲಿ, ನಡೆದದ್ದು ಹಾಗೆ.

ಮಗಳು ಆಸ್ಪತ್ರೆಯಲ್ಲಿ ನರ್ಸ್, ಮಧ್ಯಾಹ್ನ ಹೋದರೆ ಬರುವಷ್ಟರಲ್ಲಿ ಮಗು ಮಲಗಿರುತ್ತಿತ್ತು. ಅಳಿಯ ಲಾರಿ ಓಡಿಸುವವನು, ಹದಿನೈದು ದಿನಕ್ಕೊಮ್ಮೆ ಮುಖ ತೋರಿಸುತ್ತಿದ್ದ. ಹಾಗಾಗಿ ಪುಟ್ಟಿಯನ್ನು ಶಾಲೆಯಿಂದ ಕರೆತರುವುದು, ಕೈಕಾಲು ತೊಳೆಸುವುದು, ಹೋಂವರ್ಕ್ ಮಾಡಿಸುವುದು ಎಲ್ಲ ತಾತನ ಪಾಲಿಗೆ ಬಂತು. ಅದನ್ನು ಅವರು ಹೊರೆ ಅಂದುಕೊಂಡವರಲ್ಲ. ನಾಲ್ಕು ಗಂಟೆಗೆ ಅಂಗಡಿಯ ಬಾಗಿಲೆಳೆಯುವಾಗ ಅವರ ಕೈಯಲ್ಲಿ ಒಂದು ಹುರುಪಿರುತ್ತಿತ್ತು. ಬೀಗದ ಕೈಯವನು, "ಏನ್ ತಾತ, ಸ್ಕೂಲಿಗೆ ಹೊತ್ತಾಯ್ತಾ?" ಎಂದು ಕಾಲೆಳೆಯುತ್ತಿದ್ದ. "ಹೂಂ ಕಣಪ್ಪ, ಎರಡನೇ ಕ್ಲಾಸು," ಎಂದು ಇವರೂ ಅಷ್ಟೇ ಗಂಭೀರವಾಗಿ ಹೇಳುತ್ತಿದ್ದರು.

ಹೇಳುವಾಗ ಒಳಗೆಲ್ಲೋ ಸಣ್ಣಗೆ ಚುಚ್ಚುತ್ತಿತ್ತು. ತಾತ ತಾವೇ ಎರಡನೇ ತರಗತಿ ದಾಟಿದವರಲ್ಲ. ಮೊದಲ ಸಲ ಫೇಲಾದರು, ಎರಡನೇ ಸಲವೂ ಅಲ್ಲೇ ಕೂತರು. ತಮಗಿಂತ ಗೇಣು ಗಿಡ್ಡ ಮಕ್ಕಳ ನಡುವೆ ಮೊಣಕಾಲು ಮಡಚಿ ಕೂತು ಒಂದು ವರ್ಷ ಕಳೆದ ಮೇಲೆ ಸೋದರಮಾವ ಬಂದು ಗಡಿಯಾರದ ಕೆಲಸಕ್ಕೆ ಕರೆದುಕೊಂಡು ಹೋದರು. ಓದು ಬರಹ ಆಮೇಲೆ ಹೇಗೋ ಬಂತು. ಆದರೆ ಆ ಎರಡನೇ ಸಲದ ಮೊದಲ ದಿನ, ಜೊತೆಯವರೆಲ್ಲ ಪಕ್ಕದ ಕೋಣೆಗೆ ಹೋಗಿ ಇವರೊಬ್ಬರೇ ಹಳೇ ಬೆಂಚಿನಲ್ಲಿ ಉಳಿದದ್ದು, ಅರವತ್ತು ವರ್ಷವಾದರೂ ಹೊಟ್ಟೆಯಲ್ಲಿ ಹಾಗೇ ಕೂತಿತ್ತು. ಪುಟ್ಟಿಗೆ ಅದು ಬರಬಾರದು. ಅವರಿಗೆ ಬೇರೆ ಆಸೆಯೇ ಇರಲಿಲ್ಲ ಅನ್ನಬೇಕು.

ವರ್ಷದ ಮೊದಲ ವಾರ ಟೀಚರ್ ಪ್ರತಿ ಮನೆಗೂ ಒಂದು ಹಾಳೆ ಕಳಿಸಿದ್ದರು. ವರ್ಷ ಮುಗಿಯುವಷ್ಟರಲ್ಲಿ ಮಗು ಒಂದು ಪುಟದ ಕಥೆಯನ್ನು ಯಾರ ಸಹಾಯವೂ ಇಲ್ಲದೆ ಓದಿ ತನ್ನ ಮಾತಿನಲ್ಲಿ ಹೇಳಬೇಕು, ದಶಕ ತೆಗೆದುಕೊಂಡು ಕಳೆಯುವ ಲೆಕ್ಕ ಮಾಡಬೇಕು, ಸ್ವಂತವಾಗಿ ಐದು ವಾಕ್ಯ ಬರೆಯಬೇಕು, ಗಡಿಯಾರ ನೋಡಿ ಹೊತ್ತು ಹೇಳಬೇಕು. ಕೊನೆಯದನ್ನು ಓದಿ ತಾತ ನಕ್ಕರು. ಪುಟ್ಟಿ ಮಾತು ಕಲಿಯುವ ಮೊದಲೇ ಹೊತ್ತು ಹೇಳುತ್ತಿದ್ದಳು ಅಂತ ಅವರು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದರು.

ಅದರ ಕೆಳಗೆ ಹೋಂವರ್ಕಿನ ನಿಯಮ. ಪುಸ್ತಕದ ಒಂದು ಪುಟವನ್ನು ಸಾಲುಸಾಲಾಗಿ ಓದಿ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ವಾರಕ್ಕೆ ನಾಲ್ಕು ದಿನ, ದಿನಕ್ಕೆ ಇಪ್ಪತ್ತು ನಿಮಿಷ, ಒಂದು ನಿಮಿಷವೂ ಹೆಚ್ಚಿಲ್ಲ. ಇಪ್ಪತ್ತು ನಿಮಿಷವಾದಾಗ ಮಗು ಎಲ್ಲಿಗೆ ತಲುಪಿರುತ್ತದೋ ಅಲ್ಲಿ ಮನೆಯ ಹಿರಿಯರು ಅಡ್ಡಗೆರೆ ಎಳೆದು ಸಹಿ ಮಾಡಬೇಕು. ಉಳಿದದ್ದು ಉಳಿಯಲಿ.

ನಿಮಿಷದ ಲೆಕ್ಕ ಅಂದ ಮೇಲೆ ಕೇಳಬೇಕೆ! ಯಾರೋ ಓಟ ಕಲಿಸುವ ಮೇಷ್ಟ್ರು ರಿಪೇರಿಗೆ ಕೊಟ್ಟು ತಿರುಗಿ ನೋಡದೆ ಹೋದ ಸ್ಟಾಪ್‌ವಾಚೊಂದು ಅಂಗಡಿಯ ಡ್ರಾಯರಿನಲ್ಲಿ ಬಿದ್ದಿತ್ತು. ತಾತ ಅದನ್ನು ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟು ಮನೆಗೆ ತಂದರು. ಅಡುಗೆಮನೆಯ ಮೇಜಿನ ಒಂದು ಬದಿಗೆ ಪುಟ್ಟಿ, ಎದುರಿಗೆ ತಾತ. ಪೆನ್ಸಿಲ್ ಓಡಿದರೆ ಗುಂಡಿ ಒತ್ತಿ ಓಡಿಸುವರು. ಪೆನ್ಸಿಲ್ ನಿಂತರೆ ಗುಂಡಿ ಒತ್ತಿ ನಿಲ್ಲಿಸುವರು. ಅವಳು ನೀರು ಕುಡಿಯಲು ಎದ್ದರೆ ನಿಲ್ಲಿಸುವರು. ಒಂದು ಅಕ್ಷರವನ್ನೇ ದುರುಗುಟ್ಟಿ ನೋಡುತ್ತ ಕೂತರೂ ನಿಲ್ಲಿಸುವರು. ನಿಂತ ಗಡಿಯಾರ ಹೊತ್ತು ಎಣಿಸುವುದಿಲ್ಲ, ಹಾಗೇ ನಿಂತ ಪೆನ್ಸಿಲ್ಲೂ ಎಣಿಸಬಾರದು. ಕೆಲಸ ಮಾಡದ ಹೊತ್ತನ್ನು ಮಗುವಿನ ಲೆಕ್ಕಕ್ಕೆ ಹಿಡಿದರೆ ಅನ್ಯಾಯವಲ್ಲವೇ? ತಾತನ ಮನಸ್ಸಿನಲ್ಲಿ ಒಂದು ಚೂರೂ ಕಪಟವಿರಲಿಲ್ಲ. ಇಪ್ಪತ್ತು ನಿಮಿಷಕ್ಕೆ ಸರಿಯಾಗಿ ಗೆರೆ ಎಳೆದು, ಸಹಿ ಹಾಕಿ, "ಕರೆಕ್ಟ್" ಅನ್ನುವರು.

ಹೀಗೆ ಮೊದಲ ತಿಂಗಳು ಮೇಜಿನ ಇಪ್ಪತ್ತು ನಿಮಿಷಕ್ಕೆ ಗೋಡೆಯ ಮುಕ್ಕಾಲು ಗಂಟೆ ಹಿಡಿಯಿತು. ಗೆರೆ ಯಾವಾಗಲೂ ಪುಟದ ಕೊನೆಯಲ್ಲೇ ಬೀಳುತ್ತಿತ್ತು. ಅದನ್ನು ಕಂಡ ಟೀಚರ್ ಈ ಹುಡುಗಿಗೆ ಇದು ಸಲೀಸು ಅಂದುಕೊಂಡು, ದಪ್ಪ ಅಕ್ಷರದ ಪುಸ್ತಕದ ಬದಲು ನೀಲಿ ರಟ್ಟಿನ ಕಷ್ಟದ ಪುಸ್ತಕ ಕೊಟ್ಟರು. ತಾತನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ನೀಲಿ ಪುಸ್ತಕದಲ್ಲಿ ಸಾಲಿಗೆ ಮೂರು ಒತ್ತಕ್ಷರ. ಇಪ್ಪತ್ತು ನಿಮಿಷಕ್ಕೆ ಒಂದೂವರೆ ಗಂಟೆ, ಆಮೇಲೆ ಎರಡು ಗಂಟೆ ಹಿಡಿಯತೊಡಗಿತು. ಕೆಳಗಿನ ಅಂಗಳದಲ್ಲಿ ಮಕ್ಕಳ ಗಲಾಟೆ ಕೇಳಿದರೆ ತಾತ ಎದ್ದು ಕಿಟಕಿ ಮುಚ್ಚುತ್ತಿದ್ದರು. ಪುಟ್ಟಿ ಹಟ ಮಾಡುವ ಮಗುವಲ್ಲ. ಹೇಳಿದಷ್ಟೂ ಮಾಡುತ್ತಿದ್ದಳು. ಅದೇ ಎಡವಟ್ಟಾದದ್ದು.

ಐದನೇ ತಿಂಗಳು ಟೀಚರ್ ಪ್ರತಿ ಮಗುವನ್ನೂ ಒಬ್ಬೊಬ್ಬರಾಗಿ ಪಕ್ಕಕ್ಕೆ ಕರೆದು ಓದಿಸಿದರು. ಪುಟ್ಟಿಗೆ ನಾಲ್ಕು ಸಾಲಿಗೆ ಹಿಡಿದ ಹೊತ್ತಿನಲ್ಲಿ ಉಳಿದವರು ಅರ್ಧ ಪುಟ ಓದಿ ಮುಗಿಸಿದ್ದರು. ಐದನೇ ಸಾಲಿಗೆ ಅವಳ ಕಣ್ಣಲ್ಲಿ ನೀರು ಬಂತು. ಮಾರನೆಯ ದಿನ ಬಂದು ಕಾಣಿ ಅಂತ ತಾತನಿಗೆ ಟೀಚರ್ ಚೀಟಿ ಬಂತು.

ಶಾಲೆ ಬಿಟ್ಟ ಮೇಲಿನ ಖಾಲಿ ಕೋಣೆ. ಅಲ್ಲಿ ದೊಡ್ಡವರ ಕುರ್ಚಿ ಒಂದೇ ಇದ್ದದ್ದು, ಅದರ ಮೇಲೆ ನೋಟ್‌ಬುಕ್ಕಿನ ರಾಶಿ. ಟೀಚರೂ ತಾತನೂ ಇಬ್ಬರೂ ಚಿಕ್ಕ ಬೆಂಚಿನಲ್ಲೇ ಕೂತರು. ತಾತನ ಮೊಣಕಾಲು ಎದೆಗೆ ಬಂತು. ಈ ಎತ್ತರ ಅವರಿಗೆ ಚೆನ್ನಾಗಿ ಗೊತ್ತಿತ್ತು.

"ಹೋಂವರ್ಕ್ ಯಾರು ಬರೀತಾರೆ ತಾತ?" ಟೀಚರ್ ಮೆತ್ತಗೇ ಕೇಳಿದರು. "ಬೇಜಾರು ಮಾಡ್ಕೋಬೇಡಿ. ನೋಟ್‌ಬುಕ್ಕಲ್ಲಿ ಪುಟ ಪೂರ್ತಿ ಇದೆ, ಇಲ್ಲಿ ಓದಿಸಿದ್ರೆ ನಾಲ್ಕು ಸಾಲು ದಾಟಲ್ಲ. ಹೀಗೇ ಆದ್ರೆ ಓದಿನ ಹೊತ್ತಿಗೆ ಅವಳನ್ನ ಒಂದನೇ ಕ್ಲಾಸಿನವರ ಜೊತೆ ಕೂರಿಸಬೇಕಾಗುತ್ತೆ. ವರ್ಷದ ಕೊನೇಲಿ ಇದೇ ಕ್ಲಾಸಲ್ಲಿ ಉಳಿಸಬೇಕಾಗಬಹುದು."

ತಾತನ ಕಿವಿ ಬಿಸಿಯಾಯಿತು. ಭಯಕ್ಕೋ ಸಿಟ್ಟಿಗೋ ಅವರಿಗೇ ತಿಳಿಯಲಿಲ್ಲ.

"ಬೇರೆಯೋರ ಗಡಿಯಾರದ ಒಂದು ಸ್ಕ್ರೂ ಕದ್ದು ಬದಲಾಯಿಸಿದೋನಲ್ಲ ನಾನು," ಅಂದರು. "ಒಂದಕ್ಷರ ಹೇಳ್ಕೊಟ್ಟಿಲ್ಲ. ಎಲ್ಲ ಅವಳೇ ಬರ್ದಿದ್ದು, ಎಲ್ಲ ಇಪ್ಪತ್ತೇ ನಿಮಿಷ. ಬೇಕಾದ್ರೆ ನೋಡಿ." ಜೇಬಿನಿಂದ ಸ್ಟಾಪ್‌ವಾಚ್ ತೆಗೆದು ಬೆಂಚಿನ ಮೇಲಿಟ್ಟು, ಹೇಗೆ ಓಡಿಸುತ್ತಾರೆ, ಹೇಗೆ ನಿಲ್ಲಿಸುತ್ತಾರೆ ಅಂತ ಗುಂಡಿ ಒತ್ತಿ ಒತ್ತಿ ತೋರಿಸಿದರು. ತೋರಿಸುವಾಗ ಸ್ವಲ್ಪ ಜಂಬವೂ ಇತ್ತು.

ಟೀಚರ್ ಮುಖದಲ್ಲಿ ನಗು ಬಂದು ಅಲ್ಲೇ ಅಡಗಿತು.

"ಪೆನ್ಸಿಲ್ ನಿಂತಾಗ ಅವಳು ಏನ್ ಮಾಡ್ತಿರ್ತಾಳೆ ತಾತ?"

"ಏನೂ ಇಲ್ಲ. ಅಕ್ಷರ ನೋಡ್ಕೊಂಡು ಕೂತಿರ್ತಾಳೆ. ತುಟಿ ಅಲ್ಲಾಡಿಸ್ತಿರ್ತಾಳೆ."

"ಅದೇ ಅವಳು ಓದೋದು."

ತಾತನಿಗೆ ಅರ್ಥವಾಗಲಿಲ್ಲ. ಟೀಚರ್ ಬೇರೆ ದಾರಿ ಹಿಡಿದರು. "ನಿಧಾನ ಓಡುತ್ತೆ ಅಂತ ಯಾರಾದ್ರೂ ಗಡಿಯಾರ ತಂದ್ರೆ ನೀವು ಮೊದಲು ಏನ್ ಮಾಡ್ತೀರಿ?"

ಇದು ಗೊತ್ತಿರುವ ಪ್ರಶ್ನೆ. "ಸರಿಯಾದ ಹೊತ್ತಿಗಿಟ್ಟು ಒಂದು ದಿನ ಹಾಗೇ ಬಿಡ್ತೀನಿ. ಮುಟ್ಟೋದೇ ಇಲ್ಲ. ಮಾರನೇ ದಿನ ಎಷ್ಟು ಹಿಂದೆ ಬಿದ್ದಿದೆ ನೋಡ್ತೀನಿ. ಅದು ಗೊತ್ತಾಗದೆ ಬಿಚ್ಚೋದು ಹೇಗೆ?"

"ನಡುವೆ ಯಾರೋ ಬಂದು ಪಾಪ ಅಂತ ಮುಳ್ಳು ಮುಂದಕ್ಕೆ ತಳ್ಳಿಟ್ರೆ?"

ನಲವತ್ತೆರಡು ವರ್ಷದಲ್ಲಿ ಅಂಥ ಗಿರಾಕಿಗಳನ್ನು ತಾತ ಎಷ್ಟು ಸಲ ಬೈದಿದ್ದರೋ ಲೆಕ್ಕವಿಲ್ಲ. ಬೆಂಚಿನ ಮೇಲಿದ್ದ ಸ್ಟಾಪ್‌ವಾಚನ್ನು ಮೆಲ್ಲಗೆ ಎತ್ತಿ ಜೇಬಿಗೆ ಹಾಕಿಕೊಂಡರು.

"ಹಾಗಾದ್ರೆ... ಕೆಳಗಿನ ಕ್ಲಾಸಿಗೆ ಹಾಕಿಬಿಡ್ತೀರಾ?" ಅಂತ ಕೇಳಿದರು.

"ಇವತ್ತು ಹೇಳೋಕಾಗಲ್ಲ ತಾತ. ಅವಳು ನಿಜವಾಗಿ ಎಲ್ಲಿದ್ದಾಳೆ ಅಂತ ನನಗೇ ಗೊತ್ತಿಲ್ಲ. ತಪ್ಪು ನಂದೂ ಇದೆ, ನೋಟ್‌ಬುಕ್ ನೋಡಿ ಖುಷಿಪಟ್ಟೆ, ಮೊದಲೇ ಓದಿಸಿ ನೋಡ್ಲಿಲ್ಲ. ಎರಡು ವಾರ ನಿಜವಾದ ಗೆರೆ ಕಳಿಸಿ. ಎಷ್ಟು ಮೇಲೆ ಬಿದ್ರೂ ಪರವಾಗಿಲ್ಲ."

ಪರವಾಗಿಲ್ಲ ಅನ್ನುವುದು ಸುಲಭ. ಗೆರೆ ಮೇಲೆ ಬಿದ್ದಷ್ಟೂ ಪುಟ್ಟಿ ಕೆಳಗಿಳಿಯುವಳೋ ಏನೋ, ಆ ಗೆರೆ ಎಳೆಯಬೇಕಾದ ಕೈ ತಮ್ಮದು! ಹೊರಗೆ ಕಾಯುತ್ತಿದ್ದ ಪುಟ್ಟಿ ಮಾತ್ರ ದಾರಿಯುದ್ದಕ್ಕೂ ತಾತನ ಬೆರಳು ಹಿಡಿದು, ಫುಟ್‌ಪಾತಿನ ಕಲ್ಲುಗಳ ಗೆರೆ ತುಳಿಯದಂತೆ ಕುಪ್ಪಳಿಸುತ್ತ ಬಂದಳು.

ಆ ಸಂಜೆ ಮೇಜಿನ ಮೇಲೆ ಸ್ಟಾಪ್‌ವಾಚ್ ಇರಲಿಲ್ಲ. ತಾತ ಗೋಡೆಯ ಗಡಿಯಾರ ತೋರಿಸಿದರು. "ಇವತ್ತಿಂದ ಇದೇ ಕಣವ್ವ. ದೊಡ್ಡ ಮುಳ್ಳು ಒಂದರಿಂದ ಐದಕ್ಕೆ ಬಂದ್ರೆ ಮುಗೀತು."

"ನಿಲ್ಲಿಸೋದಿಲ್ವಾ?"

"ಇಲ್ಲ."

ಪುಟ್ಟಿ ಓದಿ ಬರೆಯತೊಡಗಿದಳು. ಕರಡಿಯ ಕಥೆ. ಮೊದಲ ಸಾಲು ಹೋಯಿತು. ಎರಡನೆಯ ಸಾಲಿನಲ್ಲಿ ತಡವರಿಸಿದಳು. ಮೂರನೆಯ ಸಾಲಿನಲ್ಲಿ 'ಇದ್ದಕ್ಕಿದ್ದಂತೆ' ಅಂತ ಒಂದು ಪದ ಕರಡಿಗಿಂತ ಮೊದಲೇ ಅಡ್ಡ ನಿಂತಿತ್ತು. ಇದ್... ಇದ್ದ... ಮತ್ತೆ ಮೊದಲಿಂದ. ತಾತನ ಹೆಬ್ಬೆರಳು ಜೇಬಿನೊಳಗೆ ತಾನಾಗಿಯೇ ಗುಂಡಿ ಹುಡುಕಿತು. ಗೋಡೆಯ ಮುಳ್ಳು ಯಾರನ್ನೂ ಕೇಳದೆ ಮುಂದಕ್ಕೆ ಹೋಗುತ್ತಿತ್ತು. ಇಷ್ಟು ವರ್ಷ ಗಡಿಯಾರ ನಿಂತರೆ ಸಂಕಟಪಡುತ್ತಿದ್ದ ಮನುಷ್ಯನಿಗೆ ಅದು ಓಡುವುದನ್ನು ನೋಡಲಾಗಲಿಲ್ಲ. ಕೈಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟು, ಅದರ ಮೇಲೆ ಇನ್ನೊಂದು ಕೈಯಿಟ್ಟು ಒತ್ತಿ ಹಿಡಿದುಕೊಂಡರು. ಅವಳ ತುಟಿಯನ್ನೇ ನೋಡಿದರು. ಆ ತುಟಿ ಎಷ್ಟು ಕೆಲಸ ಮಾಡುತ್ತಿತ್ತು ಅನ್ನುವುದು ಆಗಲೇ ಅವರ ಕಣ್ಣಿಗೆ ಬಿದ್ದದ್ದು. ಐದು ತಿಂಗಳು ಅದನ್ನು ಸೋಮಾರಿತನ ಅಂದುಕೊಂಡಿದ್ದರಲ್ಲ ಅಂತ ನಾಚಿಕೆಯಾಯಿತು.

ಮುಳ್ಳು ಐದಕ್ಕೆ ಬಂದಾಗ ಪುಟ್ಟಿ ಆರನೇ ಸಾಲಿನ ನಡುವೆ ಇದ್ದಳು. ತಾತ ಸ್ಕೇಲ್ ಇಟ್ಟು ಗೆರೆ ಎಳೆದರು. ಕೆಳಗೆ ಮುಕ್ಕಾಲು ಪುಟ ಹಾಗೇ ಉಳಿದಿತ್ತು. ಸಹಿ ಹಾಕಿದರು. ಅಂದು ಅವರು "ಕರೆಕ್ಟ್" ಅನ್ನಲಿಲ್ಲ.

ಎರಡು ವಾರ ಗೆರೆ ಆರನೇ ಸಾಲು, ಏಳನೇ ಸಾಲು ಅಂತ ಅಲ್ಲೇ ಹೊಯ್ದಾಡಿತು. ಟೀಚರ್ ನೀಲಿ ಪುಸ್ತಕ ವಾಪಸ್ ತೆಗೆದುಕೊಂಡು, ದಿನಾ ಬೆಳಿಗ್ಗೆ ಹತ್ತು ನಿಮಿಷ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒತ್ತಕ್ಷರ ಓದಿಸಿದರು. ಒಂದನೇ ತರಗತಿಗೆ ಕಳಿಸಲಿಲ್ಲ. ವರ್ಷದ ಕೊನೆಯಲ್ಲಿ ಪುಟ್ಟಿ ಒಂದು ಪುಟದ ಕಥೆಯನ್ನು ನಿಧಾನಕ್ಕೆ, ತಾನೇ ಓದಿ ಹೇಳಿ, ಎಲ್ಲರ ಜೊತೆ ಪಕ್ಕದ ಕೋಣೆಗೆ ಹೋದಳು. ಆ ದಿನ ತಾತ ಶಾಲೆಯ ಗೇಟಿನ ಹೊರಗೆ ನಿಂತು ಕಣ್ಣೊರೆಸಿಕೊಂಡದ್ದನ್ನು ಬೀಗದ ಕೈಯವನು ನೋಡಿದ್ದಾನಂತೆ.

ಆದರೆ ತಾತನನ್ನು ಕೇಳಿದರೆ ಅವರು ಹೇಳುವುದು ಆ ದಿನದ ಮಾತನ್ನಲ್ಲ, ಗೆರೆ ಮೇಲೆ ಬಿದ್ದ ಆ ಮೊದಲ ಸಂಜೆಯ ಮಾತನ್ನೇ.

ಗೆರೆ ಎಳೆದ ಮೇಲೂ ಪುಟ್ಟಿ ಕದಲದೆ ಕೂತಿದ್ದಳು. ಪೆನ್ಸಿಲ್ ಕೈಯಲ್ಲೇ ಇತ್ತು.

"ಮುಗೀತು ಕಣೇ," ಅಂದರು ತಾತ.

"ಪುಟ ಮುಗಿದಿಲ್ವಲ್ಲ ತಾತ?"

"ಅದು ಮುಗೀಬೇಕಿಲ್ಲ. ನೀನು ಎದ್ದೇಳು."

ಅವಳು ಗಡಿಯಾರ ನೋಡಿದಳು, ಕಿಟಕಿ ನೋಡಿದಳು. ಹೊರಗೆ ಇನ್ನೂ ಬಿಸಿಲಿತ್ತು. "ಹಾಗಾದ್ರೆ ಆಡೋಕೆ ಹೋಗ್ಲಾ?" ಅಂತ ಕೇಳಿದಳು, ಕೇಳಬಾರದ್ದನ್ನು ಕೇಳುವವಳ ಹಾಗೆ.

ತಾತ ತಲೆಯಾಡಿಸಿದ್ದೇ ತಡ, ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಕೇಳಿತು. ಅವರು ಎದ್ದು, ಮುಚ್ಚಿದ್ದ ಕಿಟಕಿ ತೆರೆದು ಕೆಳಗೆ ನೋಡಿದರು. ಅಂಗಳದಲ್ಲಿ ಏಳೆಂಟು ಮಕ್ಕಳು ಹಗ್ಗ ಜಿಗಿಯುತ್ತಿದ್ದರು. ಪುಟ್ಟಿ ಹೋಗಿ ಒಂದು ಪಕ್ಕಕ್ಕೆ ನಿಂತಳು. ಹಗ್ಗದ ತುದಿ ಹಿಡಿದಿದ್ದ ಉದ್ದ ಜಡೆಯ ಹುಡುಗಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ನೀನು ಮೇಲಿನ ಮನೆಯವಳಲ್ವಾ? ಇಷ್ಟು ದಿನ ಎಲ್ಲಿ ಹೋಗಿದ್ದೆ?"

"ಎಲ್ಲೂ ಇಲ್ಲ, ಮನೇಲೇ ಇದ್ದೆ," ಅಂದಳು ಪುಟ್ಟಿ. "ಇಪ್ಪತ್ತು ನಿಮಿಷ ಮುಗಿದಿರ್ಲಿಲ್ಲ."